ಮೇಜಿನ ಅಡಿಯ ಮೈನ್‌ಫ್ರೇಮ್

ನಮ್ಮ ಸುಳ್ಯ ಪೇಟೆಯಲ್ಲಿ ಯಾವುದಾದರೂ ಅಂಗಡಿಗೆ ಹೋಗಿ, "ಅರ್ಧ ಇಂಚಿನ ಮೊಳೆ ಉಂಟಾ?" ಎಂದು ಕೇಳಿ ನೋಡಿ. ಅಂಗಡಿಯವರು "ಉಂಟು ಉಂಟು, ಕೂತ್ಕೊಳ್ಳಿ" ಎನ್ನುತ್ತಾರೆ. ಆಮೇಲೆ ಹಿಂಬಾಗಿಲಿನಿಂದ ಹೊರಟು ಪಕ್ಕದ ಅಂಗಡಿಯಿಂದ ಮೊಳೆ ತಂದುಕೊಡುತ್ತಾರೆ. ಅದನ್ನು ನಾವು ಸುಳ್ಳು ಎಂದು ಲೆಕ್ಕ ಹಿಡಿಯುವುದಿಲ್ಲ. ಕೈಯಲ್ಲಿ ಇರುವುದು, ನಾಳೆ ಬರಲಿರುವುದು, ನೆರೆಯವರ ಹತ್ತಿರ ಇರುವುದು, ಮನಸ್ಸು ಮಾಡಿದರೆ ಆಗುವುದು, ಇಷ್ಟೂ ನಮಗೆ ಉಂಟು. ಬಂದವರ ಮುಖಕ್ಕೆ ಹೊಡೆದ ಹಾಗೆ 'ಇಲ್ಲ' ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಈ 'ಉಂಟು' ಎಂಬ ಒಂದು ಶಬ್ದ ನನ್ನನ್ನು ಸಮುದ್ರದಾಚೆಯ ಒಬ್ಬ ಹೆಂಗಸಿನ ಎದುರು ಎಂಥ ಪೇಚಿಗೆ ಸಿಕ್ಕಿಸಿತು ಎಂದು ನೆನೆಸಿದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನನ್ನ ತವರು ಕಬಕ. ಡಿಗ್ರಿ ಮುಗಿಸಿ ದಿನಾ ಬಸ್ಸಿನಲ್ಲಿ ಪುತ್ತೂರಿಗೆ ಹೋಗಿ ಕೋಬಾಲ್ ಕಲಿತವಳು ನಾನು. ಕೋಬಾಲ್ ಎಂದರೆ ಬ್ಯಾಂಕು, ವಿಮಾ ಕಂಪನಿಗಳ ದೊಡ್ಡ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುವ ಹಳೆಯ ಭಾಷೆ. ಎರಡು ಸಾವಿರನೇ ಇಸವಿ ಹುಟ್ಟಿದ ಗಳಿಗೆಯಲ್ಲಿ ಜಗತ್ತಿನ ಕಂಪ್ಯೂಟರುಗಳೆಲ್ಲ ತಲೆ ತಿರುಗಿ ಬೀಳುತ್ತವೆ ಎಂಬ ಗುಲ್ಲು ಎದ್ದಿದ್ದ ಕಾಲ ಅದು. ಆ ಭಾಷೆ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ. ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಇದ್ದದ್ದು ನಾಲ್ಕು ಸಾಮಾನ್ಯ ಪಿಸಿ, ಅದರಲ್ಲಿ ಎರಡಕ್ಕೆ ಯಾವಾಗಲೂ ಜ್ವರ. ಮೈನ್‌ಫ್ರೇಮ್ ಎಂಬ ಆ ದೊಡ್ಡ ಕಂಪ್ಯೂಟರನ್ನು ನಾವು ನೋಡಿದವರಲ್ಲ, ನಮ್ಮ ಮೇಷ್ಟ್ರೂ ನೋಡಿದವರಲ್ಲ. ಗೆರೆ ಹಾಕಿದ ಹಾಳೆಯಲ್ಲಿ ಪೆನ್ಸಿಲಿನಿಂದ ಪ್ರೋಗ್ರಾಂ ಬರೆದು, ಅದು ಓಡಿತೆಂದು ಭಾವಿಸಿಕೊಂಡು ಚಹಾ ಕುಡಿಯುತ್ತಿದ್ದೆವು.

ಕೋರ್ಸು ಮುಗಿಯುವಾಗ ಬೊಂಬಾಯಿಯ ಒಂದು ಕಂಪನಿಯಿಂದ ನನಗೆ ಕೆಲಸದ ಕಾಗದ ಬಂತು. ಅದೇ ವಾರ ಸುಳ್ಯದ ಸಂಬಂಧವೂ ಗಟ್ಟಿಯಾಯಿತು. ಹುಡುಗ ರಬ್ಬರ್ ಶೀಟಿನ ವ್ಯಾಪಾರಿ, ಒಳ್ಳೆಯವರು, ಮಾತು ಕಡಿಮೆ. ಕಾಗದ ತೋರಿಸಿದಾಗ ಅವರು ಅದನ್ನು ಎರಡು ಸಲ ಓದಿ, "ಒಂದು ವರ್ಷ ಕಳೀಲಿ, ಮತ್ತೆ ನೋಡುವ" ಎಂದರು. ನಮ್ಮ ಕಡೆಯ 'ಮತ್ತೆ ನೋಡುವ' ಎಷ್ಟು ಉದ್ದ ಎಂದು ಆಗ ನನಗೆ ಗೊತ್ತಿರಲಿಲ್ಲ. ನನ್ನದು ಇಪ್ಪತ್ತೈದು ವರ್ಷ ನಡೆಯಿತು.

ಆ ವರ್ಷಗಳನ್ನು ದೂರುವುದಕ್ಕೆ ನಾನು ಕೂತಿಲ್ಲ, ಅವೂ ಚೆನ್ನಾಗಿಯೇ ಇದ್ದವು. ಮನೆಯಲ್ಲಿ ಅವರದು ಅರೆಭಾಷೆ, ನನ್ನದು ತುಳು. ಇಬ್ಬರೂ ಸೋಲಬಾರದೆಂದು ನಾವು ಮಾತಾಡುವುದು ಕನ್ನಡದಲ್ಲಿ. ಕೆಳಗೆ ಅವರ ರಬ್ಬರ್ ಅಂಗಡಿ, ಮಹಡಿಯ ಮೇಲೆ ನನ್ನ ಕಂಪ್ಯೂಟರ್ ಕೋಣೆ. ಮದುವೆ ಕಾಗದ, ಆರ್‌ಟಿಸಿ ಅರ್ಜಿ, ಮಕ್ಕಳ ಬಯೋಡೇಟಾ, ಇವೇ ನನ್ನ ಕೆಲಸ. ಮಹಡಿಯವರೆಗೂ ರಬ್ಬರ್ ಶೀಟಿನ ಹೊಗೆವಾಸನೆ ಏರುತ್ತಿತ್ತು. ಅದರಲ್ಲೇ ಕೂತು 'ನಿಮ್ಮ ಆಗಮನವೇ ಉಡುಗೊರೆ' ಎಂದು ನಾನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೇನೋ ದೇವರೇ ಬಲ್ಲ.

ಒಂದು ದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಜಗತ್ತಿನಲ್ಲಿ ಕೋಬಾಲ್ ಇನ್ನೂ ಸತ್ತಿಲ್ಲವಂತೆ. ಅದು ಬಲ್ಲವರೇ ಮುದುಕರಾಗಿ ನಿವೃತ್ತರಾಗುತ್ತಿದ್ದಾರಂತೆ, ಅವರ ಜಾಗಕ್ಕೆ ಜನವೇ ಸಿಗುವುದಿಲ್ಲವಂತೆ. ನನಗೆ ಮೈ ಉರಿದುಹೋಯಿತು. ಅಯ್ಯೋ ಮಾರಾಯ್ರೆ, ನಾನೊಬ್ಬಳು ಇಲ್ಲಿ ಕೂತಿದ್ದೇನಲ್ಲ!

ಮೈನ್‌ಫ್ರೇಮಿಗೆ ಪ್ರೋಗ್ರಾಂ ಬರೆಯುವ ಸಾಫ್ಟ್‌ವೇರು ಮಾರುವ ಒಂದು ಕಂಪನಿಗೆ ಆ ಹೊತ್ತಿಗೇ ಮೇಲ್ ಹಾಕಿದೆ. ಒಬ್ಬಳು ಮನೆಯಲ್ಲಿ ಪಿಸಿ ಇಟ್ಟುಕೊಂಡು ಕೆಲಸ ಮಾಡುವುದಾದರೆ ಲೈಸೆನ್ಸಿಗೆ ಎಷ್ಟಾಗುತ್ತದೆ ಎಂದು ಕೇಳಿದೆ. ಅವರು ಬಹಳ ವಿನಯದಿಂದ, 'ನಿಮ್ಮ ಸಂಸ್ಥೆಯಲ್ಲಿ ಎಷ್ಟು ಸಾವಿರ ಉದ್ಯೋಗಿಗಳಿದ್ದಾರೆ?' ಎಂದು ತಿರುಗಿ ಕೇಳಿದರು. ನಾನು, ನಮ್ಮವರು, ಕೆಳಗಿನ ತಕ್ಕಡಿ ಸೇರಿಸಿದರೂ ಮೂರಾಗುತ್ತೇವೆ ಎಂದು ಬರೆಯಬೇಕೆನಿಸಿತು, ಬರೆಯಲಿಲ್ಲ. ಅವರು ಹೇಳಿದ ಬೆಲೆಯನ್ನು ನಮ್ಮವರಿಗೆ ತೋರಿಸಿದಾಗ, "ಇದು ಸಾಫ್ಟ್‌ವೇರಿಗಾ, ಕಟ್ಟಡಕ್ಕಾ?" ಎಂದರು.

ಆದರೆ ಹುಡುಕಿದವರಿಗೆ ದಾರಿ ಇದ್ದೇ ಇರುತ್ತದೆ. ಪಿಸಿಯಲ್ಲೇ ಕೋಬಾಲನ್ನು ಓಡಿಸುವ ಒಂದು ಬಿಟ್ಟಿ ಕಂಪೈಲರ್ ಸಿಕ್ಕಿತು. ಸಾಮಾನ್ಯ ಪಿಸಿಯೇ ಮೈನ್‌ಫ್ರೇಮಿನ ವೇಷ ಹಾಕಿ ಕುಣಿಯುವಂತೆ ಮಾಡುವ ಇನ್ನೊಂದು ತಂತ್ರಾಂಶವೂ ಸಿಕ್ಕಿತು, ಅದೂ ಬಿಟ್ಟಿ. ಅದರೊಳಗೆ ನಾನು ಹುಟ್ಟುವ ಮೊದಲಿನ ಕಾಲದ ಒಂದು ವ್ಯವಸ್ಥೆಯನ್ನು ತುಂಬಿಸಬಹುದಿತ್ತು. ಕಡಬದಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಬಾಗಿಲು ಮುಚ್ಚುವಾಗ ಅಲ್ಲಿಯ ಗಟ್ಟಿಮುಟ್ಟಾದ ಒಂದು ಪಿಸಿಯನ್ನು ಚೌಕಾಸಿ ಮಾಡಿ ತಂದು, ನನ್ನ ಮೇಜಿನ ಅಡಿಯಲ್ಲಿ ಒಂದು ಮರದ ಪೆಟ್ಟಿಗೆಯ ಮೇಲೆ ಕೂರಿಸಿದೆ. ಅದನ್ನು ಶುರು ಮಾಡಿ, ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದ ದಿನ ನಾನು ಒಬ್ಬಳೇ ಚಪ್ಪಾಳೆ ತಟ್ಟಿದೆ. ಪುತ್ತೂರಿನಲ್ಲಿ ಪೆನ್ಸಿಲಿನಿಂದ ಬರೆದದ್ದು ಕೊನೆಗೂ ಓಡಿತಲ್ಲ.

ಕಾಕ ಬಂದದ್ದು ಆ ಹಸಿರು ಅಕ್ಷರಗಳಿಂದಲೇ. ಅವರು ಕಲ್ಲುಗುಂಡಿಯ ಬ್ಯಾರಿ ಮುಸ್ಲಿಂ ಹಿರಿಯರು, ನಾವು ಪ್ರೀತಿಯಿಂದ ಕರೆಯುವುದು ಕಾಕ ಎಂದು. ಗಲ್ಫಿನ ಒಂದು ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ಊರಿಗೆ ಮರಳಿದವರು. ಯಾವುದೋ ಅರ್ಜಿ ಟೈಪ್ ಮಾಡಿಸಲು ಬಂದವರು ನನ್ನ ಪರದೆ ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಇದು ನಿನಗೆ ಎಲ್ಲಿಂದ ಸಿಕ್ಕಿತು ಮೋಳೇ?"

ಮೋಳೇ ಎಂದರೆ ಮಗಳೇ. ನಾನು ವಿಷಯ ಹೇಳಿದೆ. ಅವರು ಅರ್ಜಿ ಮರೆತು ಕುರ್ಚಿ ಎಳೆದು ಕೂತರು. ಬ್ಯಾಂಕಿನ ಮೈನ್‌ಫ್ರೇಮ್ ಕೋಣೆಯಲ್ಲಿ ಲೆಕ್ಕಪತ್ರ ತುಂಬಿದ ಟೇಪು ಹಾಕುವ, ತೆಗೆಯುವ, ಯಂತ್ರ ಮುನಿದರೆ ಓಲೈಸುವ ಆಪರೇಟರ್ ಆಗಿದ್ದರಂತೆ ಅವರು. ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ಬಸ್ಸು ಹತ್ತಿ ಬರತೊಡಗಿದರು. ಅವರ ಮನೆಯವರು ಅಕ್ಕಿ ಹಿಟ್ಟಿನಲ್ಲಿ ಮಾಡಿದ ಕಲ್ತಪ್ಪ ಕಾಗದದಲ್ಲಿ ಸುತ್ತಿಕೊಂಡು ಜೊತೆಗೆ ಬರುತ್ತಿತ್ತು. ನನಗೆ ಗೊತ್ತಿದ್ದದ್ದು ಪುಸ್ತಕದ ಮೈನ್‌ಫ್ರೇಮ್, ಅವರಿಗೆ ಗೊತ್ತಿದ್ದದ್ದು ಉಸಿರಾಡುವ ಮೈನ್‌ಫ್ರೇಮ್. "ಅದಕ್ಕೆ ಸೆಕೆ ಆಗ್ಬಾರ್ದು. ನಮಗೆ ಚಳಿಯಾದ್ರೆ ಪರ್ವಾಗಿಲ್ಲ. ನಾನು ಮರಳುಗಾಡಿನಲ್ಲಿ ಸ್ವೆಟರ್ ಹಾಕಿ ಬದುಕಿದವ" ಎನ್ನುತ್ತಿದ್ದರು.

ಎರಡು ವರ್ಷ ಹೀಗೆ ಕಲಿತ ಮೇಲೆ ಧೈರ್ಯ ಮಾಡಿ ಇಂಟರ್ನೆಟ್ಟಿನಲ್ಲಿ ಕೆಲಸ ಹುಡುಕಿದೆ. ಕಡೆಗೆ ಉತ್ತರ ಬಂದದ್ದು ಯುರೋಪಿನ ಒಂದು ಪುಟ್ಟ ವಿಮಾ ಕಂಪನಿಯಿಂದ. ಅಲ್ಲಿ ಆ ಹಳೆಯ ಪ್ರೋಗ್ರಾಮುಗಳನ್ನು ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಎಪ್ಪತ್ತರ ಹತ್ತಿರದ ಒಬ್ಬ ಮೇಡಂ. ಎರಡು ತಿಂಗಳಲ್ಲಿ ಅವರ ನಿವೃತ್ತಿ. ಕೆಲಸವನ್ನು ಯಾರ ಕೈಗಾದರೂ ಒಪ್ಪಿಸಿ ಹೋಗಬೇಕಿತ್ತು. ಫೋನಿನಲ್ಲಿ ಅರ್ಧ ಗಂಟೆ ನನ್ನನ್ನು ಪರೀಕ್ಷೆ ಮಾಡಿದರು. ನಾನು ಪಟಪಟನೆ ಉತ್ತರ ಕೊಟ್ಟೆ. ಕೊನೆಗೆ, "ನಿಮ್ಮ ಹತ್ತಿರ ಮೈನ್‌ಫ್ರೇಮ್ ಇದೆಯೇ?" ಎಂದು ಕೇಳಿದರು.

ತಲೆಯೊಳಗೆ 'ಉಂಟು' ಎಂದು ಬಂತು. ಬಾಯಿ ಅದನ್ನು ಇಂಗ್ಲಿಷ್ ಮಾಡಿ, "ಯೆಸ್ ಮೇಡಂ, ಇಟ್ ಈಸ್ ದೇರ್" ಎಂದಿತು.

"ಬಹಳ ಒಳ್ಳೆಯದು. ಮುಂದಿನ ಬುಧವಾರ ವಿಡಿಯೋದಲ್ಲಿ ತೋರಿಸಿ. ನಮ್ಮ ಪ್ರೋಗ್ರಾಂ ಎಲ್ಲಿರುತ್ತದೆ ಎಂದು ನಾನು ಕಣ್ಣಾರೆ ನೋಡಬೇಕು, ಅದು ನಿಯಮ" ಎಂದು ಹೇಳಿ ಫೋನಿಟ್ಟರು.

ನಾನು ಮೇಜಿನ ಅಡಿಗೆ ಬಗ್ಗಿ ನೋಡಿದೆ. ಮರದ ಪೆಟ್ಟಿಗೆಯ ಮೇಲೆ ಕಡಬದ ಪಿಸಿ ಗುಂಯ್ ಎನ್ನುತ್ತಿತ್ತು. ಬೊಂಬಾಯಿಯ ಕಾಗದ ಹೋದಾಗ ನನಗೆ ಇಪ್ಪತ್ತಮೂರು ವರ್ಷ, ಇನ್ನೊಂದು ಬಂದೀತು ಎಂಬ ಹಮ್ಮಿತ್ತು. ಈ ಸಲ ಆ ಹಮ್ಮು ಇರಲಿಲ್ಲ. ಐವತ್ತರ ಹೊಸ್ತಿಲಲ್ಲಿ ಇದು ತಪ್ಪಿದರೆ ಕಲಿತ ವಿದ್ಯೆಯನ್ನು ಒಂದು ದಿನವೂ ನಿಜದ ಕೆಲಸಕ್ಕೆ ಹಚ್ಚದೆ ಸಾಯುತ್ತೇನೆ ಎಂದು ಖಂಡಿತವಾಗಿ ಗೊತ್ತಿತ್ತು.

ವಿಷಯ ಹೇಳಿದಾಗ ನಮ್ಮವರು, "ಉಂಟು ಅಂದದ್ದರಲ್ಲಿ ಎಂತ ತಪ್ಪುಂಟು? ಉಂಟಲ್ಲ?" ಎಂದರು. ಕಾಕನೂ ತಲೆಯಾಡಿಸಿದರು. ಇಬ್ಬರೂ ಸೇರಿ ಏನೋ ಗುಸುಗುಸು ಮಾಡಿದ್ದು ನನಗೆ ಕಂಡಿತ್ತು. ರಬ್ಬರಿನ ರೇಟು ಮಾತಾಡುತ್ತಿದ್ದಾರೆ ಅಂದುಕೊಂಡೆ.

ಬುಧವಾರ ಮಧ್ಯಾಹ್ನ ಊಟ ಮುಗಿಸಿ ಕೋಣೆಗೆ ಬಂದು ನೋಡಿದರೆ, ಗೋಡೆಯ ಮೇಲಿದ್ದ ಮದುವೆ ಕಾಗದದ ಸ್ಯಾಂಪಲ್ಲುಗಳು ಮಾಯ. ಅಲ್ಲಿ ಕೆಳಗಿನ ಅಂಗಡಿಯ ಎರಡು ಕಬ್ಬಿಣದ ಕಪಾಟುಗಳು ಅಕ್ಕಪಕ್ಕ ನಿಂತಿವೆ. ಅವುಗಳ ಬಾಗಿಲ ಸಂದಿಯಿಂದ ದೀಪಾವಳಿಯ ಬಣ್ಣದ ಲೈಟುಗಳು ಕೆಂಪು, ಹಸಿರು, ಕೆಂಪು, ಹಸಿರು ಎಂದು ಮಿನುಗುತ್ತಿವೆ. ಪಕ್ಕದಲ್ಲಿ ಕಾಕ. ಎಪ್ರಿಲ್ ತಿಂಗಳ ಸೆಕೆಯಲ್ಲಿ, ಗಲ್ಫಿನ ದಪ್ಪ ಸ್ವೆಟರನ್ನು ಕುತ್ತಿಗೆಯವರೆಗೆ ಹಾಕಿ, ಬೆವರು ಸುರಿಸುತ್ತ ಅಟೆನ್ಷನ್ನಿನಲ್ಲಿ ನಿಂತಿದ್ದಾರೆ.

"ಇದೆಂತ ಅವತಾರ ಕಾಕ?"

"ಕೋಣೆ ತಣ್ಣಗುಂಟು ಅಂತ ಅವರಿಗೆ ಗೊತ್ತಾಗ್ಬೇಕಲ್ಲ ಮೋಳೇ."

ನಮ್ಮವರು ಮೂಲೆಯಲ್ಲಿ ಲೈಟಿನ ಸ್ವಿಚ್ಚು ಹಿಡಿದು ನಿಂತಿದ್ದರು. "ಕಪಾಟಿನ ಹಾಗೇ ಇರ್ತದೆ, ಲೈಟು ಮಿಣಮಿಣ ಅಂತದೆ ಅಂತ ಕಾಕ ಹೇಳಿದ್ರು. ಇಷ್ಟು ಸಾಕಾ, ಇನ್ನೊಂದು ಕಪಾಟು ತರ್ಬೇಕಾ?" ಎಂದರು. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯಲಿಲ್ಲ. ಸೊಂಟನೋವಿನ ಮನುಷ್ಯ, ನನಗಾಗಿ ಆ ಕಪಾಟುಗಳನ್ನು ಮಹಡಿಗೆ ಹತ್ತಿಸಿದ್ದರು. ಇಬ್ಬರನ್ನೂ ಬೈಯುವಷ್ಟರಲ್ಲಿ ಫೋನು ಬಂತು.

ಮೇಡಂ ಬೆಳ್ಳಗಿನ ಗಿಡ್ಡ ಕೂದಲಿನವರು, ಕನ್ನಡಕದ ಮೇಲಿನಿಂದ ನೋಡುವವರು. ನಮಸ್ಕಾರ ಹೇಳಿ, "ಸರಿ, ತೋರಿಸಿ" ಎಂದರು. ನಾನು ಫೋನನ್ನು ಕಪಾಟಿನ ಕಡೆ ತಿರುಗಿಸಿದೆ. ಹೌದು, ತಿರುಗಿಸಿದೆ, ಮುಚ್ಚಿಡುವುದೇಕೆ. ಲೈಟುಗಳು ಮಿನುಗಿದವು. ಮೇಡಂ ಮುಖ ಹತ್ತಿರ ತಂದು ನೋಡಿದರು. ಆಗ ಕಾಕ ತಮ್ಮ ಪಾಲಿನ ಮಾತು ಒಪ್ಪಿಸಿದರು: "ವೆರಿ ಕೋಲ್ಡ್ ರೂಮ್, ಮೇಡಂ." ಹೇಳುತ್ತಿದ್ದ ಹಾಗೆ ಹಣೆಯ ಬೆವರು ಅವರ ಮೂಗಿನ ತುದಿಗೆ ಇಳಿದು ತೊಟ್ಟಿಕ್ಕಿತು.

ನನಗೆ ನಾಚಿಕೆಯಾಯಿತು. ಸುಳ್ಳು ಹೇಳಿದ್ದಕ್ಕಿಂತ ಹೆಚ್ಚಾಗಿ, ಇಪ್ಪತ್ತೆಂಟು ವರ್ಷ ಅಂಥ ಯಂತ್ರವನ್ನು ಕೈಯಾರೆ ನಡೆಸಿದ ಒಬ್ಬ ಹಿರಿಯರನ್ನು ರಬ್ಬರ್ ಕಪಾಟಿನ ಎದುರು ಕೋಡಂಗಿಯ ಹಾಗೆ ನಿಲ್ಲಿಸಿದ್ದಕ್ಕೆ.

"ಮೇಡಂ, ಅದು ಕಪಾಟು," ಎಂದೆ. "ಒಳಗೆ ನನ್ನ ಗಂಡನ ವ್ಯಾಪಾರದ ಫೈಲುಗಳಿವೆ. ನನ್ನ ಯಂತ್ರ ಇದು." ನೆಲಕ್ಕೆ ಕೂತು ಫೋನನ್ನು ಮೇಜಿನ ಅಡಿಗೆ ಹಿಡಿದೆ. ಪೆಟ್ಟಿಗೆಯ ಮೇಲಿನ ಪಿಸಿ, ಅದರ ಮೇಲಿನ ಧೂಳು, ಪಕ್ಕದ ಪೊರಕೆ, ಎಲ್ಲವೂ ಕಂಡಿತು. ನಮ್ಮ ಊರಿನ ಉಂಟು ಎಂಬ ಮಾತಿನ ಬಗ್ಗೆಯೂ ನನ್ನ ಹರಕು ಇಂಗ್ಲಿಷಿನಲ್ಲಿ ಆದಷ್ಟು ಹೇಳಿದೆ. ಬಿಟ್ಟಿ ಕಂಪೈಲರ್, ವೇಷ ಹಾಕುವ ತಂತ್ರಾಂಶ, ಏನನ್ನೂ ಬಿಡಲಿಲ್ಲ.

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಕನ್ನಡಕ ಮೇಲೇರಿಸಿ, "ಅದರಿಂದ ಏನೇನು ಆಗುವುದಿಲ್ಲ ಹೇಳಿ" ಎಂದರು.

ಅದಾದರೆ ನನಗೆ ಬಾಯಿಪಾಠ. ವೇಷ ಹಾಕಿದ ಯಂತ್ರಕ್ಕೆ ಹಳೆಯ ಕಾಲದ ಕೋಬಾಲ್ ಮಾತ್ರ ತಿಳಿಯುತ್ತದೆ, ಹೊಸದು ತಿಳಿಯುವುದಿಲ್ಲ ಎಂದೆ. ಪಿಸಿಯ ಕಂಪೈಲರಿಗೆ ಹೊಸದು ತಿಳಿಯುತ್ತದೆ, ಆದರೆ ಅದು ಪಟ್ಟಿಯನ್ನು ಜೋಡಿಸುವ ಕ್ರಮವೇ ಬೇರೆ. ಪಿಸಿ ಅಂಕಿಗಳನ್ನು ಮೊದಲು ಇಟ್ಟು ಅಕ್ಷರಗಳನ್ನು ಆಮೇಲೆ ಇಡುತ್ತದೆ, ನಿಮ್ಮ ಯಂತ್ರ ಅಕ್ಷರಗಳನ್ನು ಮೊದಲು ಇಟ್ಟು ಅಂಕಿಗಳನ್ನು ಕೊನೆಗೆ ತಳ್ಳುತ್ತದೆ. ನಾನು ಎಚ್ಚರ ತಪ್ಪಿದರೆ ಇಲ್ಲಿ ಸರಿಯಾಗಿ ಓಡಿದ್ದು ಅಲ್ಲಿ ತಲೆಕೆಳಗಾಗುತ್ತದೆ.

"ಇದನ್ನು ನಿಮಗೆ ಯಾರು ಹೇಳಿಕೊಟ್ಟರು?"

ನಾನು ಫೋನನ್ನು ಕಾಕನ ಕಡೆ ತಿರುಗಿಸಿದೆ. ಕಾಕ ಮೊದಲು ಸ್ವೆಟರ್ ಬಿಚ್ಚಿ ಕುರ್ಚಿಗೆ ಹಾಕಿದರು. ಆಮೇಲೆ ಕೂದಲು ಸರಿಮಾಡಿಕೊಂಡು, "ಆಪರೇಟರ್, ಮೇಡಂ. ಟ್ವೆಂಟಿ ಎಯ್ಟ್ ಇಯರ್ಸ್" ಎಂದರು. ಮೇಡಂ ಕೂಡ ಚಿಕ್ಕ ವಯಸ್ಸಿನಲ್ಲಿ ಟೇಪು ಹಾಕುವ ಕೆಲಸದಿಂದಲೇ ಶುರು ಮಾಡಿದವರಂತೆ. ಟೇಪು ತುಂಡಾದರೆ ಯಾರು ಹೇಗೆ ಅಂಟಿಸುತ್ತಿದ್ದರು ಎಂದು ಇಬ್ಬರೂ ಕಾಲು ಗಂಟೆ ಮಾತಾಡಿದರು. ನಾನು ಮತ್ತು ನಮ್ಮವರು ಮದುವೆಮನೆಯಲ್ಲಿ ಪರಿಚಯವಿಲ್ಲದವರ ಹಾಗೆ ನಿಂತಿದ್ದೆವು. ಕಪಾಟಿನ ಲೈಟು ಆರಿಸಲು ಯಾರಿಗೂ ನೆನಪಿರಲಿಲ್ಲ.

ಕೊನೆಗೆ ಮೇಡಂ ನನಗೆ ಹೇಳಿದರು: "ಯಂತ್ರ ಇದ್ದವರು ಅದು ಏನು ಮಾಡುತ್ತದೆ ಎಂದು ಯೋಚಿಸುವುದೇ ಇಲ್ಲ. ನೀವು ಯೋಚಿಸಿದ್ದೀರಿ. ಒಂದು ಪ್ರೋಗ್ರಾಂ ಕಳಿಸುತ್ತೇನೆ, ಒಂದೇ. ನಿಮ್ಮಲ್ಲಿ ತಿದ್ದಿ ಕಳಿಸಿ, ನಮ್ಮ ಯಂತ್ರದಲ್ಲಿ ಒಂದು ಸಲ ಓಡಿಸುತ್ತೇನೆ. ಓಡಿದರೆ ಕೆಲಸ ನಿಮ್ಮದು. ಓಡದಿದ್ದರೆ ದೊಡ್ಡ ಕಂಪನಿಯವರಿಗೆ ಕೊಡಬೇಕಾಗುತ್ತದೆ, ಮತ್ತೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ."

ಮೂರು ವಾರ ನಾನು ಮದುವೆ ಕಾಗದ ಮುಟ್ಟಲಿಲ್ಲ. ಆ ಮೇಡಂ ನನ್ನ ಶಾಲೆಯ ದಿನಗಳಲ್ಲಿ ಬರೆದ ಪ್ರೋಗ್ರಾಂ ಅದು, ಸಾವಿರಾರು ಸಾಲು. ವಿಮೆಯ ಹೊಸ ಪಾಲಿಸಿಗಳ ನಂಬರು ಇನ್ನು ಅಂಕಿಯಿಂದ ಶುರುವಾಗುತ್ತದೆ, ಹಳೆಯವು ಅಕ್ಷರದಿಂದ. ಎರಡೂ ಒಂದೇ ಪಟ್ಟಿಯಲ್ಲಿ ಸರಿಯಾಗಿ ಬರಬೇಕು. ಎಲ್ಲಿ ಮುಗ್ಗರಿಸುತ್ತೇನೆ ಎಂದು ಹೆದರಿದ್ದೆನೋ ಸರಿಯಾಗಿ ಅಲ್ಲಿಗೇ ಕೈಹಾಕಿ ಕೊಟ್ಟಿದ್ದರು ಪುಣ್ಯಾತ್ಗಿತ್ತಿ. ಕೋಬಾಲಿನಲ್ಲಿ ಸಾಲಿನ ಎಪ್ಪತ್ತೆರಡನೇ ಮನೆ ದಾಟಿ ಬರೆದದ್ದನ್ನು ಯಂತ್ರ ಓದುವುದೇ ಇಲ್ಲ. ಕಾಕ ಪ್ರಿಂಟಿನ ಮೇಲೆ ಸ್ಕೇಲು ಇಟ್ಟು, ಒಂದೊಂದು ಸಾಲೂ ಗೆರೆ ದಾಟಿದೆಯೇ ಎಂದು ನೋಡಿದರು. ನಾನು ಮೇಡಂ ಯಂತ್ರದ ಕ್ರಮದಲ್ಲೇ ಜೋಡಿಸು ಎಂದು ಪಿಸಿಗೆ ಆಜ್ಞೆ ಕೊಟ್ಟು, ಹಳೆಯ ಮದುವೆ ಕಾಗದಗಳ 'ಸುಖಾಗಮನ ಬಯಸುವವರು' ಪಟ್ಟಿಯನ್ನೇ ವಿಮೆದಾರರನ್ನಾಗಿ ಮಾಡಿ ಪರೀಕ್ಷಿಸಿದೆ. ಸುಳ್ಯದ ಅರ್ಧ ಪೇಟೆ ನನ್ನ ಪಿಸಿಯೊಳಗೆ ಯುರೋಪಿನ ವಿಮೆ ಮಾಡಿಸಿಕೊಂಡಿತು. ಆಮೇಲೆ ಕಣ್ಣು ಮುಚ್ಚಿ ಮೇಡಂಗೆ ಕಳಿಸಿದೆ.

ಓಡಿಸುವ ದಿನ ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ಕಾಕ ಬೆಳಿಗ್ಗೆಯೇ ಬಂದು ಕೂತಿದ್ದರು. ನಮ್ಮವರು ಕೆಳಗೆ ಶೀಟು ತೂಗುತ್ತಿದ್ದರು. ನನಗೆ ಕೂತಲ್ಲಿ ಕೂರಲಾಗದೆ, "ಎಷ್ಟು ಬರಬೇಕು ಕಾಕ, ಇನ್ನೊಮ್ಮೆ ಹೇಳಿ" ಎಂದೆ.

"ಓಡಿಸಿದ ಮೇಲೆ ಯಂತ್ರ ಮಾರ್ಕು ಕೊಡ್ತದೆ, ಅದು ಉಲ್ಟಾ ಮೋಳೇ. ಸೊನ್ನೆ ಬಂದ್ರೆ ಎಲ್ಲ ಸರಿ, ಅದೇ ಫಸ್ಟ್ ಕ್ಲಾಸು. ನಾಲ್ಕು ಬಂದ್ರೆ ಗೊಣಗಾಟ. ಎಂಟು ಬಂದ್ರೆ ತಪ್ಪು. ಹನ್ನೆರಡು ಬಂದ್ರೆ ನಾನು ಈಗ್ಲೇ ಬಸ್ಸಿಗೆ ಹೋಗುದು."

ಮೂರೂ ಕಾಲಿಗೆ ಮೇಲ್ ಬಂತು. ನನಗೆ ತೆರೆಯಲು ಕೈ ಬರಲಿಲ್ಲ, ಕಾಕ ತೆರೆದರು. ಒಂದೇ ಸಾಲು. ನಾಲ್ಕು ಸೊನ್ನೆಗಳು, ಅದರ ಕೆಳಗೆ ಮೇಡಂ ಹೆಸರು.

ನಾನು ಮೇಜಿನ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಅಷ್ಟು ಅಳು ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ. ಕಾಕ ಮೆಟ್ಟಿಲಿನ ಹತ್ತಿರ ಓಡಿ, ಒಡೆದ ದನಿಯಲ್ಲಿ ಕೆಳಗೆ ಕೂಗಿದರು, "ಸೊನ್ನೆ! ಸೊನ್ನೆ ಬಂತು!" ಮತ್ತೆ ಬಂದು ನನ್ನ ಪಕ್ಕ ಕೂತು ಅವರೂ ಕಣ್ಣೊರೆಸಿಕೊಂಡರು.

ನಮ್ಮವರು ತೂಕ ಅರ್ಧಕ್ಕೆ ಬಿಟ್ಟು ಮೇಲೆ ಬಂದರು. ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನು ನೋಡಿದರು. ಬಳಿಗೆ ಬಂದು, ರಬ್ಬರಿನ ವಾಸನೆಯ ಕೈಯನ್ನು ನನ್ನ ತಲೆಯ ಮೇಲಿಟ್ಟರು. ಮೂರನೆಯವರ ಎದುರು ಎಂದೂ ನನ್ನನ್ನು ಮುಟ್ಟಿದವರಲ್ಲ.

"ಸೊನ್ನೆಯಾದ್ರೆ ಸೊನ್ನೆ, ಹೋಗ್ಲಿ ಬಿಡು ಮಾರಾಯ್ತಿ," ಎಂದರು. "ಅವರ ಮೆಷಿನಿಗೆ ಎಂತ ಗೊತ್ತುಂಟು? ನಿನ್ನ ತಲೆ ಎಂತದ್ದು ಅಂತ ನನಗೆ ಗೊತ್ತಿಲ್ವಾ? ಆವಾಗ ಬೊಂಬಾಯಿಯ ಕಾಗದ ಬಂದಾಗ ಒಂದು ವರ್ಷ ಕಳೀಲಿ ಅಂದದ್ದು ನಾನು. ಹೆದರಿ ಹೇಳಿದ್ದು. ನೀನು ಹೋದ್ರೆ ವಾಪಸ್ ಬರ್ಲಿಕ್ಕಿಲ್ಲ ಅಂತ. ವರ್ಷ ಕಳೆದ ಮೇಲೆ ನೀನು ಕೇಳ್ಲಿಲ್ಲ, ನಾನೂ ಎತ್ಲಿಲ್ಲ. ಎತ್ಬೇಕಿತ್ತು. ತಪ್ಪು ನಂದು..."

ಕಾಕ ಗಾಬರಿಯಾಗಿ, "ಅಯ್ಯೋ, ಸೊನ್ನೆ ಅಂದ್ರೆ..." ಎಂದು ಬಾಯಿ ತೆರೆದರು. ನಾನು ತಲೆ ಎತ್ತದೆಯೇ ಅವರ ಕಾಲನ್ನು ಜೋರಾಗಿ ತುಳಿದೆ. ನಮ್ಮವರು ಇನ್ನೂ ಮಾತಾಡುತ್ತಿದ್ದರು.